ಓಡಿಸಲು ಯೋಗ್ಯನಲ್ಲದವನು

ಶಾಲೆಯ ತಿರುವಿನಲ್ಲಿ ಟೀಚರಮ್ಮನ ಹೆಣ ಬಿದ್ದಿತ್ತು. ಗುದ್ದಿದ ಕಾರು ತುಸು ಆಚೆ ಕಂಬಕ್ಕೆ ಮೂತಿ ಜಜ್ಜಿಕೊಂಡು ನಿಂತಿತ್ತು. ಗುದ್ದಿದ್ದನ್ನು ಕಂಡವರಿಲ್ಲ. ಕಾರಿನಲ್ಲಿದ್ದವರು ಅಣ್ಣ ತಮ್ಮ ಇಬ್ಬರೇ; ಜನ ಸೇರುವಾಗ ತಮ್ಮ ಸ್ಟೀರಿಂಗ್ ಮುಂದೆ ಕೂತಿದ್ದ. ಹೊರಗೆ ನಿಂತ ಅಣ್ಣ ಬಂದವರಿಗೆಲ್ಲ ಕಥೆ ಹೇಳುತ್ತಿದ್ದ.

ಇನ್ಸ್‌ಪೆಕ್ಟರ್ ಮೇಡಂ ಬರುವಷ್ಟರಲ್ಲಿ ಕೇಸು ಮುಗಿದೇ ಹೋಗಿತ್ತಂತೆ. ತಮ್ಮನಿಗೆ ತಲೆ ಸರಿಯಿಲ್ಲ, ಬೇಡವೆಂದರೂ ಕೀ ಕಿತ್ತುಕೊಂಡ ಎಂದು ಅಣ್ಣ ಹೇಳಿದ. ಪೇದೆ ಬರೆದುಕೊಂಡ. ತಮ್ಮ ಸಹಿ ಹಾಕಿದ. ಅಬ್ಬಾ, ಏನು ಚುರುಕಪ್ಪ ಇವರದು!

ಅಣ್ಣ ಮನೋವೈದ್ಯರ ಕಾಗದವನ್ನೂ ಕೊಟ್ಟ. ಅದೇ ದಿನದ್ದು. ಮಾತ್ರೆ ಬದಲಾಗಿದೆ, ಮಂಪರು ಬರಬಹುದು. ಮೂರು ವಾರ ವಾಹನ ಓಡಿಸಬಾರದು, ಆಮೇಲೆ ಮತ್ತೆ ಪರೀಕ್ಷೆ.

"ನೋಡಿ, ಡಾಕ್ಟರೇ ಬರೆದಿದ್ದಾರೆ" ಅಂದ, ಬಹುಮಾನ ಗೆದ್ದವನ ಹಾಗೆ.

*

ಮೇಡಂ ವೈದ್ಯರನ್ನು ಕಂಡರು. ನಾನು ಓಡಿಸಬಹುದೇ, ಪರೀಕ್ಷಿಸಿ ಎಂದು ಕೇಳಿಕೊಂಡು ಬಂದವನೇ ತಮ್ಮನಂತೆ. ವ್ಯಾನ್ ಓಡಿಸಿ ಹೊಟ್ಟೆ ಹೊರೆಯುವವನು, ಆದರೂ ಬೇಡವೆಂದಾಗ ಮರುಮಾತಾಡಲಿಲ್ಲವಂತೆ. ಇದನ್ನು ಕೇಳಿದಾಗ, ಅಲ್ಲಿಂದ ವಾಪಸು ಬರುವ ದಾರಿಯಲ್ಲಿ ಕೆರಳಿದ ಎಂದು ಅಣ್ಣ ಕಥೆ ತಿದ್ದಿದ. ಇಂಥವರ ನಾಲಿಗೆಗೆ ಎಲುಬೇ ಇಲ್ಲ.

ಆಸ್ಪತ್ರೆಯಲ್ಲಿ ನರ್ಸ್ ತಮ್ಮನ ಬಾಸುಂಡೆಗೆ ಮುಲಾಮು ಹಚ್ಚುತ್ತಿದ್ದಳು. ಎಡಭುಜದಿಂದ ಎದೆಗೆ ಅಡ್ಡಲಾಗಿ ಇಳಿದ ನೀಲಿ ಪಟ್ಟಿ. ಮೇಡಂ ಅದನ್ನೇ ನೋಡಿದರು.

"ಓಡಿಸಿದ್ದು ನೆನಪಿದ್ಯಾ?"

"ಇಲ್ಲ ಮೇಡಂ. ನಿದ್ದೆ ಹತ್ತಿತ್ತು. ಆಮೇಲೆ ಪೆಟ್ಟಿಗೆ ಪ್ರಜ್ಞೆ ತಪ್ಪಿತ್ತಂತೆ, ಇಲ್ಲಿ ಡಾಕ್ಟ್ರು ಹೇಳಿದ್ರು. ಎಚ್ಚರ ಆದಾಗ ಸ್ಟೀರಿಂಗ್ ಮುಂದೆ ಇದ್ದೆ. ನೀನೇ ಗುದ್ದಿದ್ದು ಅಂದ ಅಣ್ಣ. ನನಗೆ ಮರೆವು ಅಂತ ಮನೇಲಿ ಎಲ್ರೂ ಹೇಳ್ತಾರೆ."

*

ಮರುದಿನ ಠಾಣೆಗೆ ಅಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದ. ಅದನ್ನು ಬಿಚ್ಚಿ ಅಂದರು ಮೇಡಂ. ಬಲಭುಜದಿಂದ ಅಂಥದೇ ಪಟ್ಟಿ ಇಳಿದಿತ್ತು.

"ಸ್ಟೀರಿಂಗ್ ಇರೋದು ಬಲಕ್ಕೆ. ಓಡಿಸೋರ ಬೆಲ್ಟು ಬಲಭುಜದ ಮೇಲೆ, ಪಕ್ಕದೋರದ್ದು ಎಡಭುಜದ ಮೇಲೆ. ಜನ ಸೇರೋದ್ರೊಳಗೆ ಸೀಟು ಬದಲಾಯಿಸಿದ್ರಿ. ಬಾಸುಂಡೆ ಬದಲಾಯಿಸೋಕೆ ಆಗ್ಲಿಲ್ಲ."

"ಆ ಹುಚ್ಚನ ಮಾತು ನಂಬ್ತೀರಾ?"

"ಅವರು ನಿಮ್ಮ ವಿರುದ್ಧ ಒಂದು ಮಾತೂ ಆಡಿಲ್ಲ. ನಿಮ್ಮನ್ನ ನಂಬಿದ್ದು ಅವರೊಬ್ಬರೇ."

ಫೋನ್ ನೋಡುತ್ತ ಓಡಿಸುತ್ತಿದ್ದೆ ಎಂದು ಆ ಮಹಾನುಭಾವ ಕೊನೆಗೆ ಬಾಯಿಬಿಟ್ಟ. ಅವನ ಲೈಸೆನ್ಸಿಗೆ ಯಾವ ವೈದ್ಯರೂ ಅಡ್ಡ ಬಂದಿರಲಿಲ್ಲ.

ಮೇಡಂ ತಾವೇ ಆಸ್ಪತ್ರೆಗೆ ಹೋಗಿ ತಮ್ಮನಿಗೆ ವಿಷಯ ತಿಳಿಸಿದರು. ಅವನು ಮುಖ ಮುಚ್ಚಿಕೊಂಡು ಅತ್ತ.

"ನಿನ್ನೆಯಿಂದ ಆ ಟೀಚರಮ್ಮನ ಮುಖ ನೆನಪು ಮಾಡ್ಕೋತಾ ಇದ್ದೆ ಮೇಡಂ. ಬರ್ಲೇ ಇಲ್ಲ. ಅದೂ ನನ್ನ ಕಾಯಿಲೇನೇ ಅಂದ್ಕೊಂಡಿದ್ದೆ."