ಎಡಗೈ ಮೇಸ್ತ್ರಿಯ ಸೊಟ್ಟ ಸಾಲು

“ಕೈ ತೆಗೀರಿ! ಹರಾಜಿನ ಮಾಲು ಅದು!”

ಅವಳು ಬೆಚ್ಚಿಬಿದ್ದಳು. ಮಂಡಿಯೂರಿ ಕೂತು, ಆ ಹಳೆಯ ಇಂಗ್ಲಿಷ್ ಸೋಫಾದ ಅಡಿಗೆ ಮೊಣಕೈವರೆಗೂ ತೋಳು ತೂರಿಸಿದ್ದಳು. ಎದುರಿಗೆ ಹರಾಜು ಮಳಿಗೆಯ ಗುಮಾಸ್ತ, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ನಿಂತಿದ್ದ.

“ಕದಿಯೋಕೆ ಬಂದಿಲ್ಲ ರೀ. ಸೋಫಾನ ಯಾರಾದ್ರೂ ಜೇಬಲ್ಲಿ ಇಟ್ಕೊಂಡು ಹೋಗ್ತಾರಾ?”

ಅವನು ನಗು ತಡೆದುಕೊಂಡ. “ಮತ್ತೇನು ಹುಡುಕ್ತಿದೀರಿ?”

“ನಮ್ಮಪ್ಪನ್ನ...”

ಅವಳು ತೋಳನ್ನು ಹೊರಗೆಳೆದುಕೊಂಡು ನಡೆದದ್ದನ್ನೆಲ್ಲ ಹೇಳಿದಳು.

ಅಪ್ಪ ಸೋಫಾ ಹೊಲಿಯುವವರು. ಊರಿಗೆಲ್ಲ ‘ಎಡಗೈ ಮೇಸ್ತ್ರಿ’. ಕಣ್ಣು ಮುಚ್ಚಿ ಮೂರು ತಿಂಗಳಾಗಿತ್ತು. ಕೊನೆಯ ದಿನ ಹೇಳಿದ್ದರು: “ನೀನು ಹುಟ್ಟಿದ ದಿನ ಒಂದು ಹಳೇ ಇಂಗ್ಲಿಷ್ ಸೋಫಾಕ್ಕೆ ಹೊಸ ಬಟ್ಟೆ ಹೊಲೀತಿದ್ದೆ ಮಗಳೇ. ಅದರ ತಳದ ಬಟ್ಟೆಯ ಒಳಗಡೆ ಒಂದು ಮಾತು ಬರೆದಿದೀನಿ...” ಏನೆಂದು ಕೇಳುವಷ್ಟರಲ್ಲಿ ಉಸಿರು ನಿಂತಿತ್ತು.

“ಇದೇ ಅದು ಅಂತ ಹೇಗೆ ಹೇಳ್ತೀರಿ? ನೂರೈವತ್ತು ವರ್ಷದಿಂದ ಯಾರೂ ಇದಕ್ಕೆ ಕೈ ಹಾಕಿಲ್ಲ ಅಂತ ಪಟ್ಟಿಯಲ್ಲಿ ನಾನೇ ಬರೆದಿದೀನಿ.”

“ತಪ್ಪು ಬರೆದಿದೀರಿ. ಹೊಲಿಗೆ ನೋಡಿ, ಎಲ್ಲಾ ಎಡಕ್ಕೆ ವಾಲಿದೆ. ಬಲಗೈಯವರು ಹೊಲಿದ್ರೆ ಹೀಗೆ ಬರಲ್ಲ. ಒಂದೇ ಒಂದು ಸಲ ತಳ ಬಿಚ್ಚಿ ನೋಡ್ಲಾ?”

“ಇನ್ನೊಬ್ಬರ ಸ್ವತ್ತು. ಒಂದು ಮೊಳೆ ಮುಟ್ಟೋ ಹಾಗಿಲ್ಲ.”

ಹರಾಜಿಗೆ ಹದಿನೈದು ದಿನವಿತ್ತು. ಅವಳು ದಿನಾ ಬಂದಳು. ಅವನು ದಿನಾ ಬೈದ. ಮೂರನೆಯ ದಿನದಿಂದ ಬೈಯುತ್ತಲೇ ಎರಡು ಲೋಟ ಚಹಾ ತಂದ. ಅವಳು ಅಪ್ಪನ ಕಥೆ ಹೇಳುತ್ತಿದ್ದರೆ ಅವನ ಲೋಟ ಹಾಗೇ ಆರಿಹೋಗುತ್ತಿತ್ತು.

‘ನಾನು ಬರುತ್ತಿರುವುದು ಬರೀ ಸೋಫಾಕ್ಕಾಗಿಯೇ?’ ಎಂದು ಅವಳ ಮನಸ್ಸು ಅವಳನ್ನೇ ಕೇಳತೊಡಗಿತು.

ಹರಾಜಿನ ಬೆಳಗ್ಗೆ ಬಂದು ನೋಡಿದರೆ, ಸೋಫಾ ನಾಲ್ಕು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು! ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಮೂಲ ಹೊಲಿಗೆ ಅಲ್ಲ’ ಎಂದು ಬರೆದಿತ್ತು. ಬಂದವರು ಬಗ್ಗಿ ನೋಡಿ ಮೂಗು ಮುರಿಯುತ್ತಿದ್ದರು.

ಅವಳು ನೇರ ಗುಮಾಸ್ತನ ಎದುರಿಗೆ ಹೋಗಿ ನಿಂತಳು.

“ನಂಬಿ ಹೇಳಿದ್ದನ್ನ ಬೀದಿಗೆ ಹಾಕಿದ್ರಾ? ನಮ್ಮಪ್ಪನ ಕೆಲಸಕ್ಕೆ ಇಷ್ಟು ಅವಮಾನನಾ!”

ಅವನು ಬಾಯಿ ತೆರೆಯುವ ಮೊದಲೇ ಮಳಿಗೆಯ ಯಜಮಾನರು ಸಿಡುಕಿದರು.

“ನೀನೇನು ಬೈತೀಯಮ್ಮಾ, ನಾನೇ ಬೈದು ಸುಸ್ತಾಗಿದೀನಿ! ಇವನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. ಸೋಫಾದ ಒಡತಿ ಮನೆಗೇ ಹೋಗಿ, ‘ನಾನು ಬರೆದಿದ್ದು ತಪ್ಪು, ತಳ ಬಿಚ್ಚೋಕೆ ಅಪ್ಪಣೆ ಕೊಡಿ’ ಅಂತ ಕೇಳ್ಕೊಂಡು ಬಂದಿದಾನೆ, ಹರಿಶ್ಚಂದ್ರನ ಮೊಮ್ಮಗ!”

ಅವಳು ತಳದ ಬಟ್ಟೆಯನ್ನು ನೋಡಿದಳು. ಒಂದು ಮೊಳೆಯೂ ಅಲುಗಿರಲಿಲ್ಲ.

“ಅಪ್ಪಣೆ ಸಿಕ್ಕಿದ್ರೂ... ಬಿಚ್ಚಿಲ್ವಲ್ಲ?”

“ಮೊದಲು ಓದಬೇಕಾದವರು ನೀವು,” ಎಂದು ಅವನು ಇಕ್ಕಳವನ್ನು ಅವಳ ಕೈಗಿಟ್ಟ.

ಮೊಳೆಗಳು ಒಂದೊಂದಾಗಿ ಬಂದವು. ಬಟ್ಟೆ ಮಗುಚಿತು. ಮಾಸಿದ ಪೆನ್ಸಿಲ್ಲಿನಲ್ಲಿ ಅಪ್ಪನ ಅಕ್ಷರ...

‘ಈ ದಿನ ಬೆಳಗ್ಗೆ ಮಗಳು ಬಂದಳು. ಸಂತೋಷಕ್ಕೆ ಕೈ ನಡುಗಿ ಹೊಲಿಗೆಯ ಕೊನೆಯ ಸಾಲು ಸೊಟ್ಟಗಾಗಿದೆ. ಕೂರುವವರು ಕ್ಷಮಿಸಬೇಕು. ದೇವರೇ, ಇನ್ನು ಕೇಳುವುದೇನೂ ಇಲ್ಲ.’

ಅವಳು ಅಳುತ್ತಲೇ ನಕ್ಕಳು. ಅಪ್ಪನನ್ನು ಕಿತ್ತುಕೊಂಡನೆಂದು ಮೂರು ತಿಂಗಳಿಂದ ದೇವರ ಮೇಲೆ ಮುನಿದಿದ್ದಳು. ಅಂಥ ಅಪ್ಪನನ್ನು ಇಪ್ಪತ್ತಾರು ವರ್ಷ ಕೊಟ್ಟಿದ್ದವನೂ ಅವನೇ ಎಂಬುದನ್ನು ನೆನೆದೇ ಇರಲಿಲ್ಲ. ಅಲ್ಲೇ ಕೈ ಮುಗಿದಳು.

ಸೋಫಾವನ್ನು ನಿವೃತ್ತ ಟೀಚರಮ್ಮ ಒಬ್ಬರು ಹರಾಜಿನಲ್ಲಿ ಕೊಂಡರು. “ಅಕ್ಷರ ಹಾಗೇ ಇರಲಿ ಮಗಳೇ. ನಾನು ಕೂರೋದು ಆ ಸೊಟ್ಟ ಸಾಲಿನ ಮೇಲೇ!”

ಬಟ್ಟೆಯನ್ನು ಮತ್ತೆ ಬಡಿಯುವ ಮುನ್ನ ಅವಳು ಅವನ ಕಿವಿಯಿಂದ ಪೆನ್ಸಿಲ್ಲು ಎಳೆದುಕೊಂಡು, ಅಪ್ಪನ ಮಾತಿನ ಕೆಳಗೆ ಏನೋ ಬರೆದಳು. ಆಮೇಲೆ ಮೊಳೆ ಹೊಡೆದಳು.

“ಏನು ಬರೆದ್ರಿ?”

“ಮುಂದೆ ಯಾರಾದ್ರೂ ಬಿಚ್ಚಿದಾಗ ಓದ್ತಾರೆ.”

“ನಿಮ್ಮಪ್ಪ ಬರೆದಿದ್ದನ್ನ ಓದೋಕೆ ಇಪ್ಪತ್ತಾರು ವರ್ಷ ಬೇಕಾಯ್ತು!”

“ಕಾಯೋಕಾಗಲ್ವಾ?”

“ಒಬ್ಬನೇ ಆದ್ರೆ ಆಗಲ್ಲ...” ಅವನ ದನಿ ತಗ್ಗಿತು. “ನೀವು ಜೊತೆಗಿದ್ರೆ ಕಾಯ್ತೀನಿ.”

ಅವಳು ಪೆನ್ಸಿಲ್ಲನ್ನು ಮೆಲ್ಲಗೆ ಅವನ ಕಿವಿಗೆ ಮರಳಿ ಸಿಕ್ಕಿಸಿದಳು.

“ಅದನ್ನೇ ಬರೆದಿದ್ದು.”