ಬಣ್ಣ ಉದುರಿದ ಮುಖ

"ಆ ಮುಖ ಮಾತ್ರ ಮುಟ್ಟಬೇಡಮ್ಮ," ಎಂದರು ಮೇಷ್ಟ್ರು. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಆ ಅಂಗಡಿಗೆ ಅವರೇ ಹಿರಿಯರು, ಆಕೆ ಹೊಸಬಳು. "ಬರೆದವನು ಮಾಟ ಮಾಡಿಟ್ಟೇ ಸತ್ತದ್ದು. ಅಲ್ಲಿ ಯಾರ ಮುಖ ತುಂಬ್ತೀಯೋ, ಆ ಮುಖ ಮತ್ತೆ ನಿನ್ನ ಪಾಲಿಗಿಲ್ಲ."

"ಮಾಟ ಅಲ್ಲ ಮೇಷ್ಟ್ರೇ, ಕಣ್ಣಿನ ಆಟ. ನಾವು ನೋಡೋದೆಲ್ಲ ಮಿದುಳು ಬರ್ಕೊಳ್ಳೋ ಚಿತ್ರ ತಾನೇ?" ಆಕೆ ನಕ್ಕಳು. "ಅಷ್ಟಕ್ಕೂ ನಾವು ಹಚ್ಚೋದು ಒರೆಸಿದ್ರೆ ಹೋಗೋ ಬಣ್ಣ. ಮಾಟ ಆದ್ರೆ ಅದನ್ನೂ ಒರೆಸಿಬಿಡೋಣ ಬಿಡಿ."

ಚಿತ್ರದಲ್ಲಿ ಸೂರಿನಿಂದ ತಲೆಕೆಳಗಾಗಿ ಇಳಿದ ಮೆಟ್ಟಿಲು. ಪಂಜರದೊಳಗೆ ಮೀನು. ನಡುವೆ ಎರಡು ಜಡೆಯ ಹುಡುಗಿ. ಮುಖದ ಬಣ್ಣವೆಲ್ಲ ಉದುರಿ ಬರಿಯ ಕ್ಯಾನ್ವಾಸು. ಮೇಷ್ಟ್ರು ಊಟಕ್ಕೆದ್ದು ಹೋದದ್ದೇ ತಡ, ಆಕೆ ಸಣ್ಣ ಕುಂಚ ಎತ್ತಿಕೊಂಡಳು. ಯಾವುದೋ ಒಂದು ಮುಖವೆಂದು ಶುರು ಮಾಡಿದ ಕೈ ತಾನಾಗಿ ಆಕೆಯ ಮಗಳ ಕಣ್ಣನ್ನು, ಅವಳ ಕೆನ್ನೆಯ ಗುಳಿಯನ್ನು ತಂದಿತು. ಬಣ್ಣ ಕರಗಿಸುವ ಟರ್ಪೆಂಟೈನಿನ ಘಾಟಿನಡಿಯಿಂದ ಕೂದಲು ಸುಟ್ಟ ವಾಸನೆ ಎದ್ದಿತು. ಚಿತ್ರದೊಳಗೆಲ್ಲೋ ಪಂಜರ ಕಿರ್ರೆಂದಿತು.

ಸಂಜೆ ಬಾಗಿಲು ತೆರೆಯುತ್ತಲೇ "ಅಮ್ಮಾ!" ಎಂದು ಮಗಳು ಓಡಿ ಬಂದಳು. ಕಿವಿಗಳಿದ್ದವು. ಹಣೆಯಂಚಿಗೆ ಕೂದಲಿತ್ತು. ನಡುವೆ ಕಣ್ಣಿಲ್ಲ, ಮೂಗಿಲ್ಲ. ಬಿಗಿದು ಕಟ್ಟಿದ ಬರಿಯ ಕ್ಯಾನ್ವಾಸು ಬಟ್ಟೆ. ನೇಯ್ಗೆಯ ಎಳೆ ಎಳೆಯೂ ಕಾಣುತ್ತಿತ್ತು.

"ಇವಳ ಮುಖ... ಏನಾಯ್ತ್ರೀ?"

"ಏನಾಗಿದೆ? ಈಗಷ್ಟೇ ತೊಳೆಸಿದೀನಿ. ನಿನಗೇನು ಬಂತು ಗ್ರಹಚಾರ?" ಎಂದ ಗಂಡ.

ಆಕೆ ಬಂದ ಕಾಲಲ್ಲೇ ಅಂಗಡಿಗೆ ಓಡಿದಳು. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿದಳು. ಚಿತ್ರದ ತುಟಿಯಂಚನ್ನು ಉಜ್ಜಿದಳು. ಬಣ್ಣ ಬಿಟ್ಟು ಬಂತು. ಇನ್ನಷ್ಟು ಉಜ್ಜಿದಳು. ಫೋನು ಹೊಡೆದುಕೊಂಡಿತು.

"ಎಲ್ಲಿದೀಯ? ಮಗು ಬಾಯಿ ಉರಿ ಉರಿ ಅಂತ ಕಿರುಚ್ತಿದಾಳೆ! ತುಟಿಯ ಚರ್ಮವೇ ಏಳ್ತಿದೆ ಕಣೇ!"

ಕೈಯಲ್ಲಿದ್ದ ಹತ್ತಿ ಕೆಂಪಾಗಿತ್ತು. ಬಣ್ಣದ ಕೆಂಪಲ್ಲ. ಹಿಂದಿನಿಂದ ಮೇಷ್ಟ್ರು ಬಂದು ಮಣಿಕಟ್ಟು ಹಿಡಿದರು.

"ಸಾಕು, ಬಿಡು. ಪೂರ್ತಿ ಒರೆಸಿದ್ರೆ ಮಗೂನೇ ಉಳಿಯಲ್ಲ. ಮುಖ ಅವಳಿಗಿದೆ ತಾಯಿ. ನಿನ್ನ ಕಣ್ಣಿಗಷ್ಟೇ ಇಲ್ಲ."

ಮನೆಗೆ ಬಂದಾಗ ಗಂಡ ಮಗಳ ತುಟಿಗೆ ಮುಲಾಮು ಹಚ್ಚಿ ಮಲಗಿಸಿದ್ದ. ಮಗಳು ಅಮ್ಮನ ತೊಡೆಗೆ ತಲೆಯಿಟ್ಟಳು. ಬಟ್ಟೆ ಉಸಿರಿಗೆ ಉಬ್ಬಿತು, ಇಳಿಯಿತು.

"ಅಮ್ಮಾ, ನೀ ಯಾಕೆ ನನ್ನ ನೋಡ್ತಿಲ್ಲ?"

"ನೋಡ್ತಿದೀನಲ್ಲ ಪುಟ್ಟೀ."

"ಹಾಗಿದ್ರೆ ಹೇಳು, ನಾನೀಗ ನಗ್ತಿದೀನಾ, ಅಳ್ತಿದೀನಾ?"

ಆಕೆ ಅಂಗೈಯನ್ನು ಮೆಲ್ಲಗೆ ಆ ಒರಟು ಬಟ್ಟೆಯ ಬಳಿಗೆ ತಂದಳು. ಮುಟ್ಟಲು ಧೈರ್ಯ ಸಾಲಲಿಲ್ಲ.

"ನಗ್ತಿದೀಯ," ಎಂದಳು.

ಆ ಬಟ್ಟೆಯಿಂದ ಜಾರಿದ ಬೆಚ್ಚನೆಯ ಹನಿಯೊಂದು ಅಂಗೈ ಮೇಲೆ ಬಿತ್ತು.