ಗುಬ್ಬಿ ಮಾರ್ಕಿನ ನಕಲಿ ಬಿಲ್ಲೆ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಇಬ್ಬರು ಹೆಂಗಸರು ಠಾಣೆಗೆ ಬಂದರು. ಒಬ್ಬಳು ಸೋಪು ಮಾಡಿ ಮಾರುವವಳು, ಇನ್ನೊಬ್ಬಳು ಆಸ್ಪತ್ರೆಯ ನರ್ಸ್. ನರ್ಸ್‌ನ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿತ್ತು.

ಇನ್ಸ್‌ಪೆಕ್ಟರ್‌ಗೆ ಅಂದು ಯಾರ ಮುಖವೂ ಬೇಡವಾಗಿತ್ತು. ಬೆಳಗಿನ ಪೇಪರಿನಲ್ಲಿ ಅವನ ಬ್ಯಾಚಿನವನೊಬ್ಬನ ಫೋಟೊ ಬಂದಿತ್ತು. ಟ್ರೈನಿಂಗಿನಲ್ಲಿ ಓಡಲಾಗದೆ ಏದುಸಿರು ಬಿಡುತ್ತಿದ್ದವನು ಈಗ ಪ್ರಮೋಷನ್ ಪಡೆದು ಇವನ ಮೇಲಧಿಕಾರಿ. ಫೋನ್ ಮಾಡಿ ಅಭಿನಂದನೆ ಹೇಳಬೇಕಿತ್ತು, ಬಾಯಿ ಬರಲಿಲ್ಲ.

ಸೋಪಿನವಳು ಕೈಚೀಲದಿಂದ ಎರಡು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು. ಎರಡರ ಮೇಲೂ ಬಾಲ ಎತ್ತಿ ಕೂತ ಒಂದೇ ಗುಬ್ಬಿ.

"ಇದು ನಂದು ಸಾರ್. ಇದು ನಂದಲ್ಲ."

"ಹೇಗೆ ಗೊತ್ತು?"

"ನಾಲಿಗೆ ತುದಿಗೆ ತಾಗಿಸಿದ್ರೆ ಚುರ್ ಅನ್ನತ್ತೆ. ಕಾಸ್ಟಿಕ್ ಸೋಡಾ ಜಾಸ್ತಿ ಬಿದ್ದಿದೆ. ಹದಕ್ಕೆ ಬರೋ ಮೊದ್ಲೇ ಮಾರಿದ್ದಾರೆ. ಇವರ ಕೈ ನೋಡಿ."

ನರ್ಸ್ ಕೈ ಎತ್ತಿ ತೋರಿಸಿದಳು. "ಗುಬ್ಬಿ ನೋಡಿ ನಂಬಿ ತಗೊಂಡೆ. ಈಗ ಡ್ಯೂಟಿಗೂ ಹೋಗೋ ಹಾಗಿಲ್ಲ."

ಗುಬ್ಬಿ ಮಾರ್ಕು ಸೋಪಿನವಳ ಹೆಸರಿಗೆ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿತ್ತು. ಎರಡು ವರ್ಷ ಓಡಾಡಿ ಪಡೆದ ಪ್ರಮಾಣಪತ್ರವನ್ನು ಅವಳು ಕನ್ನಡಿ ಹಾಕಿಸಿದ ಚೌಕಟ್ಟಿನ ಸಮೇತ ಹೊತ್ತು ತಂದಿದ್ದಳು. ದೊಡ್ಡ ಅಂಗಡಿಯವರು ಶನಿವಾರದವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ನಕಲಿ ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಗುಬ್ಬಿ ಸೋಪು ಅವರ ಕಪಾಟಿನಿಂದ ಇಳಿಯುತ್ತಿತ್ತು. ಅವರು ಇಳಿಸಿದರೆ ಉಳಿದವರೂ ಇಳಿಸುತ್ತಾರೆ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಸಾರ್" ಎಂದು ಅವಳು ಕಣ್ಣೊರೆಸಿಕೊಂಡಳು.

ದೂರು ಬರೆದುಕೊಳ್ಳುವ ರೈಟರ್ ಪೆನ್ನು ಹಿಡಿದು ನಕ್ಕ. "ಸೋಪಿಗೆ ಎಫ್‌ಐಆರಾ ಸಾರ್? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯ್ತು."

ಇನ್ಸ್‌ಪೆಕ್ಟರ್ ನರ್ಸ್‌ನ ಕೈ ಕಡೆ ನೋಡಿದ. ರೈಟರ್ ತಲೆ ತಗ್ಗಿಸಿ ಬರೆಯತೊಡಗಿದ.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಇಲ್ಲ ಸಾರ್. ಕೆಲಸದವರೆಲ್ಲ ಹಳಬರು. ಪ್ಯಾಕಿಂಗ್ ನಮ್ಮಕ್ಕ ನೋಡ್ಕೋತಾರೆ, ನನ್ನ ಓರಗಿತ್ತಿ. ನನ್ನ ಕೈಹಿಡಿದು ಕಲಸೋದು ಕಲಿಸಿದವರೇ ಅವರು."

ನರ್ಸ್ ಸೋಪು ಕೊಂಡ ಕಿರಾಣಿ ಅಂಗಡಿಯವನು ಸರಕು ತಂದ ಆಟೋದವನನ್ನು ತೋರಿಸಿದ. ಆಟೋದವನು ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಅರ್ಧ ಕತೆ ಹೇಳಿ ಮುಗಿಸಿದ್ದ. ಯಾರೋ ಹೆಂಗಸು ಫೋನ್ ಮಾಡುತ್ತಾಳೆ, ಮುಖ ನೋಡಿಲ್ಲ. ಮುಚ್ಚಿಹೋದ ಪ್ರೆಸ್ಸಿನ ಹಿಂದಿನ ಶೆಡ್ ಬಾಗಿಲಲ್ಲಿ ಚೀಲ ಇಟ್ಟಿರುತ್ತಾಳೆ.

ಮಂಗಳವಾರ ಮಧ್ಯಾಹ್ನ ಪಂಚರ ಎದುರಿಗೆ ಶೆಡ್ಡಿನ ಬೀಗ ಒಡೆದು ಪಂಚನಾಮೆ ಮಾಡಿದರು. ಒಳಗೆ ಸ್ಟೀಲಿನ ಪಾತ್ರೆಗಳು, ಕಾಸ್ಟಿಕ್ ಡಬ್ಬ, ಎಣ್ಣೆಯ ಕ್ಯಾನು, ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಬಿಲ್ಲೆಗಳು. ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಮರದ ಅಚ್ಚು. ಇನ್ಸ್‌ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದ. ಕೈಯಲ್ಲೇ ಕೆತ್ತಿದ್ದು, ಒಂದೊಂದು ಗರಿಯೂ ಬಿಡಿಬಿಡಿಯಾಗಿತ್ತು. ಕಳ್ಳಮಾಲಿಗೆ ಇಷ್ಟು ಕಷ್ಟಪಡುವವರು ಯಾರು ಎಂದು ಅವನಿಗೆ ಅಚ್ಚರಿಯಾಯಿತು.

ಬೇರೆ ಬೀಗ ಹಾಕಿ, ಮಫ್ತಿಯಲ್ಲಿ ಇಬ್ಬರನ್ನು ಕಾಯಲು ಬಿಟ್ಟರೂ ಯಾರೂ ಬರಲಿಲ್ಲ. ಆಟೋದವನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ಪೊಲೀಸರು ಶೆಡ್ಡಿಗೆ ಹೋದ ಸುದ್ದಿ ಪೊಲೀಸರಿಗಿಂತ ಮುಂಚೆ ಊರು ತಿರುಗಿತ್ತು.

ಗುರುವಾರ ಇನ್ಸ್‌ಪೆಕ್ಟರ್ ಮಹಿಳಾ ಪೇದೆಯನ್ನು ಕರೆದುಕೊಂಡು ಸೋಪಿನ ಕಾರ್ಖಾನೆಗೆ ಹೋದ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ, ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬ ಒಣಗುವ ಸೋಪು. ಪೇದೆ ತಾನೂ ಅಚ್ಚು ಒತ್ತಿ ನೋಡಿದಳು. ಅಚ್ಚು ಅಂಟಿಕೊಂಡು ಗುಬ್ಬಿಯ ತಲೆಯೇ ಕಿತ್ತುಬಂತು.

ಕೆಲಸದ ಹೆಂಗಸರು ಗೊಳ್ಳೆಂದು ನಕ್ಕರು. "ಬೇಗ ಒತ್ತಿದ್ರೆ ಅಂಟತ್ತೆ, ತಡ ಆದ್ರೆ ಬಿರಿಯತ್ತೆ ಮೇಡಂ. ಹೆಬ್ಬೆರಳಲ್ಲಿ ಮುಟ್ಟಿ ನೋಡಿ ಒತ್ಬೇಕು."

ಇನ್ಸ್‌ಪೆಕ್ಟರ್ ಜೇಬಿನಿಂದ ನಕಲಿ ಬಿಲ್ಲೆ ತೆಗೆದು ಮತ್ತೆ ನೋಡಿದ. ಬಿರುಕಿಲ್ಲ, ಅಂಚಿನಲ್ಲಿ ಒಂದು ಚೂರು ಎದ್ದಿಲ್ಲ. ಸೋಪು ಕೆಟ್ಟದ್ದು, ಒತ್ತಿದ ಕೈ ಪಳಗಿದ್ದು.

"ಎಣ್ಣೆ, ಕಾಸ್ಟಿಕ್ ಅಳತೆ ಯಾರಿಗೆ ಗೊತ್ತು?"

"ಈಗ ನನಗೊಬ್ಬಳಿಗೇ" ಎಂದಳು ಒಡತಿ. "ಮಾರ್ಕು ರಿಜಿಸ್ಟರ್ ಮಾಡಿಸಿದಾಗ ಅಳತೆ ಬದಲಾಯಿಸಿದೆ. ಗುಟ್ಟಾಗಿಡಿ ಅಂತ ವಕೀಲರು ಹೇಳಿದ್ರು."

ಅಲ್ಲಿಗೆ ಅರ್ಧ ದಾರಿ ಸಿಕ್ಕಿತು. ಒತ್ತಲು ಬಲ್ಲವರು, ಬೆರೆಸಲು ಅರಿಯದವರು. ಇನ್ಸ್‌ಪೆಕ್ಟರ್ ಎಲ್ಲರಿಂದಲೂ ಒಂದೊಂದು ಸಾಲು ಅಚ್ಚು ಒತ್ತಿಸಿದ. ಒಬ್ಬಳದು ಎಡಕ್ಕೆ ಆಳ, ಇನ್ನೊಬ್ಬಳದು ಬಾಲದ ಹತ್ತಿರ ಮಸುಕು. ಯಾವುದೂ ನಕಲಿಗೆ ಹೊಂದಲಿಲ್ಲ.

ಪ್ಯಾಕಿಂಗ್ ಮೇಜಿನ ಹತ್ತಿರ ಒಬ್ಬ ಹೆಂಗಸು ತಲೆಯೆತ್ತದೆ ಕಾಗದ ಮಡಚುತ್ತಿದ್ದಳು.

"ಅವರು?"

"ಅಕ್ಕ ಒತ್ತಲ್ಲ ಸಾರ್. ಮಾರ್ಕು ರಿಜಿಸ್ಟರ್ ಆದಾಗಿಂದ ಮಣಿಕಟ್ಟು ನೋವು ಅವರಿಗೆ."

ಕಾಗದ ಮಡಚುವ ಮಣಿಕಟ್ಟು ಚಕಚಕ ತಿರುಗುತ್ತಿತ್ತು. ಒತ್ತಿ ತೋರಿಸಿ ಎಂದು ಕೇಳಿದರೆ ನೋವು ಎನ್ನುತ್ತಾಳೆ, ಕತೆ ಅಲ್ಲಿಗೇ ಮುಗಿಯುತ್ತದೆ. ಇನ್ಸ್‌ಪೆಕ್ಟರ್‌ಗೆ ಬೆಳಗ್ಗೆ ಬೆಳಗ್ಗೆ ಬೇರೆಯವರ ಹೊಗಳಿಕೆ ಓದಿದರೆ ಹೊಟ್ಟೆಯಲ್ಲಿ ಏನಾಗುತ್ತದೆಂಬುದು ಆ ವಾರ ಚೆನ್ನಾಗಿಯೇ ಗೊತ್ತಿತ್ತು. ಅವನು ಒಡತಿಯ ಕಡೆ ತಿರುಗಿದ.

"ನೀವು ಒಂದು ಒತ್ತಿ ಅಮ್ಮ."

ಅವಳು ಒತ್ತಿದಳು. ಪರವಾಗಿಲ್ಲ ಎನ್ನುವಂತಿತ್ತು.

"ಆಹಾ!" ಎಂದ ಇನ್ಸ್‌ಪೆಕ್ಟರ್, ಕೋಣೆಗೆಲ್ಲ ಕೇಳುವ ಹಾಗೆ. "ಏನು ಕೈ ಅಮ್ಮ ನಿಮ್ಮದು! ಅದಕ್ಕೇ ಗುಬ್ಬಿ ನಿಮ್ಮ ಹೆಸರಲ್ಲಿರೋದು. ಇದನ್ನ ಮೀರಿಸೋರು ಈ ಊರಲ್ಲಿಲ್ಲ ಬಿಡಿ."

ಕಾಗದ ಮಡಚುವ ಸದ್ದು ನಿಂತಿತು. ಹೊಗಳಿಕೆ ತನ್ನದಲ್ಲವೆಂದು ಗೊತ್ತಿದ್ದೋ ಏನೋ, ಒಡತಿ ನಾಚಿ ನಕ್ಕಳು. ಆ ನಗುವನ್ನು ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಬಂದು, ಓರಗಿತ್ತಿಯ ಕೈಯಿಂದ ಅಚ್ಚು ಕಿತ್ತುಕೊಂಡಳು. ಹೆಬ್ಬೆರಳಿಂದ ಬಿಲ್ಲೆ ಮುಟ್ಟಿ ನೋಡಿದಳು. ಒತ್ತಿದಳು, ಎತ್ತುವಾಗ ಮಣಿಕಟ್ಟನ್ನು ಚೂರೇ ಚೂರು ತಿರುವಿದಳು.

"ಹೀಗೆ ಒತ್ಬೇಕು" ಎಂದಳು.

ಗುಬ್ಬಿ ಕಣ್ಣು ಬಿಟ್ಟು ಕೂತಿತ್ತು. ಇನ್ಸ್‌ಪೆಕ್ಟರ್ ನಕಲಿ ಬಿಲ್ಲೆಯನ್ನು ಅದರ ಪಕ್ಕದಲ್ಲಿಟ್ಟ. ಮಹಿಳಾ ಪೇದೆಗೂ ಕಾಣಿಸಿತು, ಕೆಲಸದವರಿಗೂ ಕಾಣಿಸಿತು. ಎರಡರಲ್ಲೂ ಅದೇ ಆಳ, ಅದೇ ನಯವಾದ ಅಂಚು. ಪಂಚರನ್ನು ಕರೆಸಿ ಅವರೆದುರು ಪೇದೆ ಅಕ್ಕನ ಕೈಚೀಲ ನೋಡಿದಾಗ ಬೀಗದ ಕೈ ಸಿಕ್ಕಿತು. ಶೆಡ್ಡಿನಿಂದ ಜಪ್ತಿಯಾದ ಬೀಗಕ್ಕೆ ಅದು ಸಲೀಸಾಗಿ ಕೂತಿತು.

ಠಾಣೆಯಲ್ಲಿ ಅಕ್ಕ ಏನನ್ನೂ ಮುಚ್ಚಿಡಲಿಲ್ಲ.

"ಗುಬ್ಬಿ ಬಿಡಿಸಿದ್ದು ಯಾರು?"

"ನಾನು. ನಮ್ಮಡುಗೆಮನೇಲಿ ಮೊದಲ್ನೇ ಸೋಪು ಎರೆದಾಗ ಹೇರ್‌ಪಿನ್ನಲ್ಲಿ ಗೀಚಿದ್ದೆ. ಅವಳು ಚಪ್ಪಾಳೆ ತಟ್ಟಿ ಕುಣಿದಿದ್ಲು."

"ಆಮೇಲೆ?"

"ಆಮೇಲೆ ವಕೀಲರ ಹತ್ರ ಒಬ್ಬಳೇ ಹೋದ್ಲು. ಬಂದ್ಲು. ಗುಬ್ಬಿ ಅವಳದ್ದಾಗಿತ್ತು. ಎಲ್ಲರೂ ಅವಳಿಗೆ ಶಭಾಷ್ ಅಂದ್ರು. ಸ್ವೀಟು ಹಂಚೋಕೆ ನನ್ನನ್ನೇ ಕಳಿಸಿದ್ಲು."

"ಜನರ ಕೈ ಸುಡತ್ತೆ ಅಂತ ಗೊತ್ತಿರಲಿಲ್ವಾ?"

ಆಕೆ ಇದಕ್ಕೆ ಮಾತ್ರ ತಡವರಿಸಿದಳು. "ಸುಡಬೇಕು ಅಂತ ಮಾಡಿದ್ದಲ್ಲ. ಹಳೇ ಲೆಕ್ಕದಲ್ಲೇ ಬೆರೆಸಿದೆ. ಎಣ್ಣೆ ಬೇರೆ, ಅಳತೆ ಕೂಡ್ಲಿಲ್ಲ. ನಾನೂ ಮಾಡಬಲ್ಲೆ ಅಂತ ನನಗೇ ತೋರಿಸ್ಬೇಕಿತ್ತು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಡತಿ ಇನ್ನು ತಡೆಯಲಾಗದೆ ಬಾಗಿಲಿಗೆ ಬಂದು ನಿಂತಳು. "ಒಂದು ಮಾತು ಕೇಳಿದ್ರೆ ನಿನ್ನ ಹೆಸರೂ ಸೇರಿಸ್ತಿದ್ದೆನಲ್ಲ ಅಕ್ಕ!"

"ನನ್ನದನ್ನ ನಾನೇ ಕೇಳಿ ಪಡೀಬೇಕಾ?" ಎಂದಳು ಅಕ್ಕ.

ಗುರುವಾರ ಸಂಜೆ ಐದೂವರೆಗೆ ದಸ್ತಗಿರಿ ದಾಖಲಾಯಿತು. ದೊಡ್ಡ ಅಂಗಡಿಗೆ ಕೊಡಲು ಒಡತಿ ಎಫ್‌ಐಆರ್ ಮತ್ತು ದಸ್ತಗಿರಿಯ ಪ್ರತಿ ತೆಗೆದುಕೊಂಡಳು. ಗುಬ್ಬಿ ಸೋಪು ಕಪಾಟಿನಲ್ಲೇ ಉಳಿಯುವಂತಾಯಿತು. ಆದರೂ ಅವಳು ಮನೆಗೆ ಹೋಗದೆ ಕತ್ತಲಾಗುವವರೆಗೆ ಆ ಬೆಂಚಿನ ಮೇಲೆಯೇ ಕೂತಿದ್ದಳು.

ರೈಟರ್ ಕಾಗದ ಮುಂದಿಟ್ಟುಕೊಂಡು ಕೇಳಿದ. "ಕಾರಣ ಏನಂತ ಬರೀಲಿ ಸಾರ್?"

"ಹೊಟ್ಟೆಕಿಚ್ಚು ಅಂತ ಬರಿ." ಇನ್ಸ್‌ಪೆಕ್ಟರ್ ಜಪ್ತಿಯಾದ ಮರದ ಅಚ್ಚನ್ನು ಕೈಗೆತ್ತಿಕೊಂಡ. "ಗುಬ್ಬಿ ಚಿತ್ರ ಬಿಡಿಸಿದವರು ಇವರೇ ಅಂತಾನೂ ಬರಿ."

"ಅದು ಕೇಸಿಗೆ ಬೇಕಾ ಸಾರ್?"

"ಬೇಕು. ಬರಿ."

ರೈಟರ್ ಬರೆದ. ಗುಬ್ಬಿಯ ಜೊತೆಗೆ ಅಕ್ಕನ ಹೆಸರು ಸರಕಾರಿ ಕಾಗದದ ಮೇಲೆ ಬಂದದ್ದು ಅದೇ ಮೊದಲು, ಅದೂ ಆರೋಪಿಯ ಜಾಗದಲ್ಲಿ. ಓದಿ ಹೇಳಿದಾಗ ಆಕೆ ಆ ಸಾಲನ್ನು ಇನ್ನೊಮ್ಮೆ ಓದಿ ಎಂದಳು. ಕೇಳಿಸಿಕೊಂಡು ಸಹಿ ಹಾಕಿದಳು.